ಗಿನಿಪಿಗ್‌ಗಳಲ್ಲಿ ಉಸಿರಾಟದ ರೋಗಗಳು ಮತ್ತು ಅವುಗಳ ಆರೈಕೆ

ಮಕ್ಕಳ ಆಸೆಗೆಂದು ಒಂದೆರಡು ಗಿನಿಪಿಗ್‌ಗಳನ್ನು ತಂದು ಸಾಕುವ ಮನೆಗಳು ಪಟ್ಟಣಗಳಲ್ಲಷ್ಟೇ ಅಲ್ಲ, ಹಳ್ಳಿಗಳಲ್ಲಿಯೂ ಇವೆ. ಮೊಲ ಸಾಕುವವರಲ್ಲಿ ಕೆಲವರು ಅದೇ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಇವುಗಳಿಗೂ ಜಾಗ ಮಾಡಿಕೊಡುವುದುಂಟು. ದನ, ಕುರಿ, ಕೋಳಿಗಳ ರೋಗಗಳನ್ನು ಕಂಡು ಬಲ್ಲ ರೈತನು ಆ ಅನುಭವವನ್ನೇ ಗಿನಿಪಿಗ್‌ಗೂ ಅನ್ವಯಿಸುವುದು ಸಹಜ. ಆದರೆ ಉಸಿರಾಟದ ರೋಗದ ವಿಷಯದಲ್ಲಿ ಈ ಅನುಭವವೇ ಪ್ರಾಣಿಯ ಜೀವಕ್ಕೆ ಎರವಾಗಬಹುದು. ದನಕ್ಕೂ ಮನುಷ್ಯನಿಗೂ ಒಗ್ಗುವ ಕೆಲವು ಔಷಧಿಗಳು ಗಿನಿಪಿಗ್‌ಗೆ ವಿಷವಾಗುತ್ತವೆ. ಆದುದರಿಂದ ಈ ಪ್ರಾಣಿಯನ್ನು ಸಾಕುವವರು ಮೂರು ವಿಷಯಗಳನ್ನು ನೆನಪಿನಲ್ಲಿಡಬೇಕು. ರೋಗವನ್ನು ಮೊದಲ ದಿನವೇ ಗುರುತಿಸಬೇಕು. ಪ್ರಾಣಿಯು ಮೇವು ಬಿಡದಂತೆ ನೋಡಿಕೊಳ್ಳಬೇಕು. ಮನೆಯಲ್ಲಿ ಉಳಿದಿರುವ ಔಷಧಿಯನ್ನು ಎಂದಿಗೂ ಕೊಡಬಾರದು.

ಪ್ರಾಣಿಯ ಪರಿಚಯ

ಗಿನಿಪಿಗ್ ಅಥವಾ ಗಿನಿ ಹಂದಿಯು ಹಂದಿಯ ಜಾತಿಗೆ ಸೇರಿದುದಲ್ಲ. ಆಫ್ರಿಕಾದ ಗಿನಿ ದೇಶದಿಂದ ಬಂದುದೂ ಅಲ್ಲ. ಇದು ಇಲಿ, ಅಳಿಲುಗಳಂತೆ ದಂಶಕಗಳ ಗುಂಪಿನ ಪ್ರಾಣಿ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದ ಜನರು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕಾಗಿ ಪಳಗಿಸಿದರು. ಪೆರು ಮುಂತಾದ ದೇಶಗಳ ರೈತರು ಇಂದಿಗೂ ಇದನ್ನು ಕುದುರೆಮಸಾಲೆ ಸೊಪ್ಪು ಹಾಕಿ ಸಾಕುತ್ತಾರೆ. ನಮ್ಮಲ್ಲಿ ಇದು ಮುದ್ದಿನ ಪ್ರಾಣಿಯಾಗಿಯೂ ಪ್ರಯೋಗಾಲಯದ ಪ್ರಾಣಿಯಾಗಿಯೂ ಪರಿಚಿತವಾಗಿದೆ.

ಬೆಳೆದ ಪ್ರಾಣಿಯ ತೂಕ 700ರಿಂದ 1200 ಗ್ರಾಂ. ಗಂಡು ಹೆಣ್ಣಿಗಿಂತ ಹೆಚ್ಚು ತೂಗುತ್ತದೆ. ಆಯುಸ್ಸು ಸಾಮಾನ್ಯವಾಗಿ 5ರಿಂದ 7 ವರ್ಷ. ದೇಹದ ಉಷ್ಣತೆ ಸುಮಾರು 37.2ರಿಂದ 39.5 ಡಿಗ್ರಿ ಸೆಲ್ಸಿಯಸ್. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 40ರಿಂದ 100 ಬಾರಿ ಉಸಿರಾಡುತ್ತದೆ.

ಈ ಪ್ರಾಣಿಯ ಶರೀರದಲ್ಲಿ ಮೂರು ವಿಶೇಷಗಳಿವೆ. ರೋಗದ ಆರೈಕೆಯೆಲ್ಲ ಇವುಗಳ ಮೇಲೆ ನಿಂತಿದೆ.

1. ಗಿನಿಪಿಗ್ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಮನುಷ್ಯನಂತೆ ಮೂಗು ಕಟ್ಟಿದಾಗ ಬಾಯಿಂದ ಸರಾಗವಾಗಿ ಉಸಿರಾಡಲು ಅದಕ್ಕೆ ಆಗದು. ಬಾಯಿ ತೆರೆದು ಉಸಿರಾಡುತ್ತಿದ್ದರೆ ಪ್ರಾಣಾಪಾಯ ಹತ್ತಿರ ಬಂದಿದೆ ಎಂದೇ ತಿಳಿಯಬೇಕು.

2. ಇದರ ದೊಡ್ಡ ಕರುಳಿನ ಚೀಲದಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಕೊಳೆಸಿ ಜೀರ್ಣಿಸುತ್ತವೆ. ಈ ಕೆಲಸ ನಡೆಯಬೇಕಾದರೆ ಹಗಲು ರಾತ್ರಿಯೆನ್ನದೆ ಸ್ವಲ್ಪ ಸ್ವಲ್ಪವಾಗಿ ಮೇವು ಹೋಗುತ್ತಲೇ ಇರಬೇಕು. 12ರಿಂದ 24 ಗಂಟೆಗಳ ಕಾಲ ಮೇವು ನಿಂತರೆ ಕರುಳಿನ ಚಲನೆಯೂ ನಿಲ್ಲತೊಡಗುತ್ತದೆ.

3. ತನಗೆ ಬೇಕಾದ ಸಿ ಜೀವಸತ್ವವನ್ನು ದನ, ಕುರಿ, ಮೊಲಗಳು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಗಿನಿಪಿಗ್‌ಗೆ ಈ ಶಕ್ತಿಯಿಲ್ಲ. ಈ ವಿಷಯದಲ್ಲಿ ಅದು ಮನುಷ್ಯನಂತೆಯೇ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಕೇವಲ ಧಾನ್ಯದ ಆಹಾರ ಕೊಟ್ಟು ಗಿನಿಪಿಗ್‌ಗಳಲ್ಲಿ ಸ್ಕರ್ವಿ ರೋಗ ಬರಿಸಿ ತೋರಿಸಿದರು. ಈ ಜೀವಸತ್ವದ ಕೊರತೆಯಿರುವ ಪ್ರಾಣಿಗೆ ಶ್ವಾಸಕೋಶದ ಸೋಂಕು ಬೇಗ ತಗಲುತ್ತದೆ.

ರೋಗಕ್ಕೆ ಕಾರಣಗಳು

ಗಿನಿಪಿಗ್‌ಗಳಲ್ಲಿ ಶ್ವಾಸಕೋಶದ ಉರಿಯೂತವನ್ನುಂಟುಮಾಡುವ ಮುಖ್ಯ ರೋಗಾಣುಗಳು ಎರಡು: ಬಾರ್ಡಟೆಲ್ಲ ಬ್ರಾಂಕಿಸೆಪ್ಟಿಕ ಮತ್ತು ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ. ಅಡಿನೊ ಎಂಬ ವೈರಸ್ ಸಹ ಕೆಲವೊಮ್ಮೆ ಕಾರಣವಾಗುತ್ತದೆ. ರೋಗಿಯು ಸೀನಿದಾಗ ಹಾರುವ ಹನಿಗಳಿಂದ, ನೇರ ಸಂಪರ್ಕದಿಂದ, ಹಾಗೂ ಸಾಕುವವನ ಕೈ, ಬಟ್ಟೆ, ನೀರಿನ ಪಾತ್ರೆಗಳಿಂದ ಸೋಂಕು ಹರಡುತ್ತದೆ.

ಇಲ್ಲಿ ಮೊಲ ಸಾಕುವವರು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಬಾರ್ಡಟೆಲ್ಲ ರೋಗಾಣುವು ಮೊಲಗಳ ಮತ್ತು ನಾಯಿಗಳ ಮೂಗು, ಗಂಟಲುಗಳಲ್ಲಿ ಯಾವ ಲಕ್ಷಣವನ್ನೂ ತೋರದೆ ನೆಲೆಸಿರಬಹುದು. ಮೊಲ ಆರೋಗ್ಯವಾಗಿಯೇ ಕಾಣುತ್ತದೆ; ಆದರೆ ಅದರ ಪಕ್ಕದ ಗೂಡಿನ ಗಿನಿಪಿಗ್ ನ್ಯುಮೋನಿಯದಿಂದ ಸಾಯುತ್ತದೆ. ಆದುದರಿಂದ ಮೊಲ ಮತ್ತು ಗಿನಿಪಿಗ್‌ಗಳನ್ನು ಒಂದೇ ಗೂಡಿನಲ್ಲಾಗಲಿ, ಒಂದೇ ಕೊಟ್ಟಿಗೆಯಲ್ಲಾಗಲಿ ಇಡಕೂಡದು.

ಗಿನಿಪಿಗ್‌ಗಳಲ್ಲಿಯೂ ಕೆಲವು ಈ ರೋಗಾಣುಗಳನ್ನು ಹೊತ್ತು ಆರೋಗ್ಯವಾಗಿಯೇ ಇರುತ್ತವೆ. ಮೈಮೇಲೆ ಒತ್ತಡ ಬಿದ್ದಾಗ ರೋಗ ಹೊರಬೀಳುತ್ತದೆ. ದೂರದ ಪ್ರಯಾಣ, ಗೂಡಿನಲ್ಲಿ ಇಕ್ಕಟ್ಟು, ಗಬ್ಬದ ಕೊನೆಯ ದಿನಗಳು, ಮೇವಿನ ಹಠಾತ್ ಬದಲಾವಣೆ, ಚಳಿಗಾಳಿ ಮತ್ತು ತೇವ, ಸಿ ಜೀವಸತ್ವದ ಕೊರತೆ ಇಂತಹ ಒತ್ತಡಗಳು. ಇವುಗಳ ಜೊತೆಗೆ ಸೇರಿಸಬೇಕಾದುದು ಗೂಡಿನ ಗಾಳಿ. ಮೂತ್ರದಿಂದ ನೆನೆದ ಹಾಸು ಅಮೋನಿಯಾ ಅನಿಲವನ್ನು ಬಿಡುತ್ತದೆ. ಈ ಅನಿಲವು ಶ್ವಾಸನಾಳದ ಒಳಪೊರೆಯನ್ನು ಕೆರಳಿಸಿ ರೋಗಾಣುಗಳಿಗೆ ದಾರಿ ಮಾಡಿಕೊಡುತ್ತದೆ. ಗೂಡಿನ ಬಳಿ ಬಗ್ಗಿದಾಗ ಸಾಕುವವನ ಮೂಗಿಗೆ ಘಾಟು ಬಡಿದರೆ, ನೆಲದ ಮಟ್ಟದಲ್ಲಿಯೇ ಸದಾ ಉಸಿರಾಡುವ ಪ್ರಾಣಿಯ ಪಾಡು ಏನೆಂದು ಊಹಿಸಬಹುದು.

ಉಸಿರಾಟದ ತೊಂದರೆಯೆಲ್ಲವೂ ಸೋಂಕಲ್ಲ. ಮೇವಿನ ಧೂಳು, ಬೂಷ್ಟು, ಹೊಗೆಗಳಿಂದಲೂ ಸೀನು ಬರುತ್ತದೆ. ಬಿಸಿಲಿನ ಝಳ ತಗಲಿದ ಪ್ರಾಣಿಯೂ ಏದುತ್ತದೆ. ವಯಸ್ಸಾದವುಗಳಲ್ಲಿ ಹೃದಯದ ಕಾಯಿಲೆ, ಮೂರು ವರ್ಷ ದಾಟಿದವುಗಳಲ್ಲಿ ಶ್ವಾಸಕೋಶದ ಗಡ್ಡೆ, ಗಬ್ಬದ ಕೊನೆಯ ದಿನಗಳಲ್ಲಿ ರಕ್ತದಲ್ಲಿ ಕೀಟೋನ್ ಏರುವ ರೋಗ ಇವುಗಳಲ್ಲಿಯೂ ಉಸಿರು ಕಷ್ಟವಾಗುತ್ತದೆ. ಇವೆಲ್ಲಕ್ಕೂ ಚಿಕಿತ್ಸೆ ಬೇರೆ ಬೇರೆ. ಕಾರಣ ತಿಳಿಯದೆ ಔಷಧಿ ಕೊಡಬಾರದೆಂಬುದಕ್ಕೆ ಇದೂ ಒಂದು ಆಧಾರ.

ರೋಗದ ಲಕ್ಷಣಗಳು

ಕಾಡಿನಲ್ಲಿ ಬೇಟೆಗೆ ಗುರಿಯಾಗುವ ಪ್ರಾಣಿಗಳು ತಮ್ಮ ನಿಶ್ಶಕ್ತಿಯನ್ನು ಹೊರಗೆ ತೋರಗೊಡುವುದಿಲ್ಲ. ಗಿನಿಪಿಗ್ ಕೂಡ ಹಾಗೆಯೇ. ಹೊರನೋಟಕ್ಕೆ ಲಕ್ಷಣ ಕಾಣುವ ಹೊತ್ತಿಗೆ ರೋಗ ಬಲಿತಿರುತ್ತದೆ. ಗುಂಪಿನಲ್ಲಿ ರೋಗ ಹಬ್ಬಿದಾಗ ಕೆಲವು ಪ್ರಾಣಿಗಳು ಯಾವ ಲಕ್ಷಣವನ್ನೂ ತೋರದೆ ಸತ್ತುಬೀಳುವುದೂ ಉಂಟು.

ಆಗೊಮ್ಮೆ ಈಗೊಮ್ಮೆ ಸೀನುವುದು ಸಹಜ. ದಿನಕ್ಕೆ ಒಂದೆರಡು ಬಾರಿ ಕಣ್ಣಿನಿಂದ ಹಾಲಿನಂತಹ ಬಿಳಿ ದ್ರವ ಬರುವುದೂ, ಅದರಿಂದ ಪ್ರಾಣಿಯು ಮುಖ ಒರೆಸಿಕೊಳ್ಳುವುದೂ ಸಹಜವೇ. ಇವುಗಳಿಗೆ ಗಾಬರಿಪಡಬೇಕಾಗಿಲ್ಲ. ಈ ಕೆಳಗಿನವುಗಳನ್ನು ಮಾತ್ರ ರೋಗದ ಚಿಹ್ನೆಗಳೆಂದು ತಿಳಿಯಬೇಕು.

1. ಮೇವಿನಲ್ಲಿ ಆಸಕ್ತಿ ಕುಗ್ಗುವುದು. ಹಿಕ್ಕೆ ಕಡಿಮೆಯಾಗಿ, ಸಣ್ಣದಾಗಿ ಬೀಳುವುದು.
2. ಮೂಗಿನಿಂದ ಸಿಂಬಳ, ಮೂಗಿನ ಸುತ್ತ ಹೆಕ್ಕಳೆ, ಮುಂಗಾಲುಗಳ ಒಳಭಾಗದ ಕೂದಲು ಅಂಟಾಗಿರುವುದು.
3. ಕಣ್ಣಿನ ಅಂಚಿನಲ್ಲಿ ಪಿಸುರು ಕಟ್ಟಿ, ಕಣ್ಣು ಅರೆಮುಚ್ಚಿರುವುದು.
4. ಮೈಕೂದಲು ನಿಮಿರಿಸಿಕೊಂಡು ಮೂಲೆಯಲ್ಲಿ ಮುದುಡಿ ಕೂರುವುದು.
5. ಮೇಲಿಂದ ಮೇಲೆ ಸೀನು, ಕೆಮ್ಮು. ಉಸಿರಿನಲ್ಲಿ ಗೊರಗೊರ ಅಥವಾ ಸಿಳ್ಳಿನಂತಹ ಸದ್ದು.
6. ಪ್ರತಿ ಉಸಿರಿಗೂ ಪಕ್ಕೆಗಳು ಒಳಕ್ಕೆ ಸೆಳೆದುಕೊಳ್ಳುವುದು; ಕತ್ತು ಮುಂದಕ್ಕೆ ಚಾಚುವುದು.
7. ಬಾಯಿ ತೆರೆದು ಉಸಿರಾಡುವುದು. ತುಟಿ ಮತ್ತು ಒಸಡುಗಳು ನೀಲಿಗಟ್ಟುವುದು.

ಮೊದಲಿನ ಐದರಲ್ಲಿ ಯಾವುದು ಕಂಡರೂ ಅಂದೇ ಪಶುವೈದ್ಯರಿಗೆ ತೋರಿಸಬೇಕು. ಕೊನೆಯ ಎರಡು ಕಂಡರೆ ಒಂದು ಗಳಿಗೆಯನ್ನೂ ತಡಮಾಡಕೂಡದು.

ಉಸಿರನ್ನು ಎಣಿಸುವುದು ಸುಲಭ. ಪ್ರಾಣಿಯನ್ನು ಮುಟ್ಟದೆ, ಅದು ಸುಮ್ಮನೆ ಕುಳಿತಿರುವಾಗ ಪಕ್ಕೆಯ ಏರಿಳಿತವನ್ನು 15 ಸೆಕೆಂಡುಗಳ ಕಾಲ ಎಣಿಸಿ ನಾಲ್ಕರಿಂದ ಗುಣಿಸಬೇಕು. ಪ್ರಾಣಿ ಆರೋಗ್ಯವಾಗಿರುವಾಗಲೇ ಎರಡು ಮೂರು ಸಲ ಎಣಿಸಿ ಬರೆದಿಟ್ಟುಕೊಂಡಿದ್ದರೆ ರೋಗ ಬಂದಾಗ ಹೋಲಿಸಲು ಅನುಕೂಲ.

ಇದಕ್ಕಿಂತಲೂ ನಂಬಿಕೆಯ ಸಾಧನ ತಕ್ಕಡಿ. ಅಡಿಗೆಮನೆಯ ಗ್ರಾಂ ತಕ್ಕಡಿಯ ಮೇಲೆ ಒಂದು ಡಬ್ಬಿಯಿಟ್ಟು ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಗಬೇಕು. ಬೆಳೆದ ಪ್ರಾಣಿಯಲ್ಲಿ 50 ಗ್ರಾಂನಷ್ಟು ತೂಕ ಇಳಿದರೆ ಎಚ್ಚರ ವಹಿಸಿ ದಿನವೂ ತೂಗಬೇಕು. 100 ಗ್ರಾಂ ಇಳಿದಿದ್ದರೆ ಬೇರೆ ಲಕ್ಷಣವಿಲ್ಲದಿದ್ದರೂ ವೈದ್ಯರಲ್ಲಿಗೆ ಒಯ್ಯಬೇಕು. ಕಣ್ಣಿಗೆ ಕಾಣದ ರೋಗವನ್ನು ತಕ್ಕಡಿ ಮೊದಲೇ ತೋರಿಸಿಕೊಡುತ್ತದೆ.

ಕೊಡಬಾರದ ಔಷಧಿಗಳು

ದನಕರುಗಳಿರುವ ಮನೆಯಲ್ಲಿ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಬೆರೆತ ಚುಚ್ಚುಮದ್ದು ಉಳಿದಿರಬಹುದು. ಮನೆಯವರ ನೆಗಡಿ, ಕೆಮ್ಮಿಗೆ ತಂದ ಅಮಾಕ್ಸಿಸಿಲಿನ್ ಮಾತ್ರೆಗಳೂ ಉಳಿದಿರಬಹುದು. ಪುಟ್ಟ ಪ್ರಾಣಿಯಲ್ಲವೇ, ಮಾತ್ರೆಯ ಚೂರೊಂದನ್ನು ನೀರಿನಲ್ಲಿ ಕದಡಿ ಕುಡಿಸಿದರೆ ಸಾಕೆಂದು ಭಾವಿಸುವವರಿದ್ದಾರೆ. ಗಿನಿಪಿಗ್‌ನ ಮಟ್ಟಿಗೆ ಇದಕ್ಕಿಂತ ದೊಡ್ಡ ಅಪಾಯ ಮತ್ತೊಂದಿಲ್ಲ.

ಗಿನಿಪಿಗ್‌ನ ಕರುಳಿನಲ್ಲಿರುವ ಉಪಯುಕ್ತ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಪೆನಿಸಿಲಿನ್‌ಗೆ ಬಲಿಯಾಗುವ ಜಾತಿಯವು. ಅವು ಸತ್ತೊಡನೆ ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ರೋಗಾಣು ವಿಪರೀತವಾಗಿ ಬೆಳೆದು ವಿಷವನ್ನು ಬಿಡುತ್ತದೆ. ಪ್ರಾಣಿಯು ಮೇವು ಬಿಟ್ಟು, ಭೇದಿಯಾಗಿ, ಮೈ ತಣ್ಣಗಾಗಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಸಾಕಿದವನು ನೆಗಡಿಯೇ ಕೊಂದಿತೆಂದು ತಿಳಿಯುತ್ತಾನೆ. ನಿಜವಾಗಿ ಕೊಂದದ್ದು ಔಷಧಿ. ಪೆನಿಸಿಲಿನ್ ಬಳಕೆಗೆ ಬಂದ ಹೊಸತರಲ್ಲಿಯೇ, 1943ರಲ್ಲಿ, ಅದು ಗಿನಿಪಿಗ್‌ಗಳಿಗೆ ಮಾರಕವೆಂಬುದು ವರದಿಯಾಗಿತ್ತು.

ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಬಾಯಿಯ ಮೂಲಕ ಕೊಡುವ ಸೆಫಲೆಕ್ಸಿನ್, ಲಿಂಕೊಮೈಸಿನ್, ಕ್ಲಿಂಡಾಮೈಸಿನ್, ಎರಿತ್ರೊಮೈಸಿನ್ ಇವು ಯಾವುವನ್ನೂ ಕೊಡಕೂಡದು. ಸ್ಟ್ರೆಪ್ಟೊಮೈಸಿನ್ ಕರುಳಿನ ದಾರಿಯಿಂದಲ್ಲದೆ ನೇರವಾಗಿಯೂ ಇದಕ್ಕೆ ವಿಷ. ಮನುಷ್ಯರ ಕೆಮ್ಮಿನ ಔಷಧಿ, ಜ್ವರದ ಮಾತ್ರೆ, ಎದೆಗೆ ಹಚ್ಚುವ ಮುಲಾಮುಗಳೂ ಸಲ್ಲವು. ಸಾಂಬ್ರಾಣಿ ಅಥವಾ ಕರ್ಪೂರದ ಹೊಗೆ ಹಾಕುವುದರಿಂದ ಉಸಿರು ಮತ್ತಷ್ಟು ಕಟ್ಟುತ್ತದೆಯೇ ಹೊರತು ಬಿಡುವುದಿಲ್ಲ.

ಗಿನಿಪಿಗ್‌ಗೆ ಒಗ್ಗುವ ಔಷಧಿಗಳೂ ಇವೆ. ಎನ್ರೊಫ್ಲಾಕ್ಸಸಿನ್, ಟ್ರೈಮೆಥೊಪ್ರಿಮ್ ಬೆರೆತ ಸಲ್ಫಾ, ಡಾಕ್ಸಿಸೈಕ್ಲಿನ್ ಮೊದಲಾದವುಗಳನ್ನು ಪಶುವೈದ್ಯರು ಪ್ರಾಣಿಯ ವಯಸ್ಸು, ತೂಕ, ರೋಗದ ಸ್ವರೂಪ ನೋಡಿ ಆರಿಸುತ್ತಾರೆ. ಬೆಳೆಯುವ ಮರಿಗಳಿಗೆ, ಗಬ್ಬದ ಹೆಣ್ಣುಗಳಿಗೆ ಇವುಗಳಲ್ಲಿಯೂ ಕೆಲವು ಸಲ್ಲವು. ಆದುದರಿಂದ ಆಯ್ಕೆಯೂ ಪ್ರಮಾಣವೂ ವೈದ್ಯರದೇ ಆಗಿರಬೇಕು. ಚಿಕಿತ್ಸೆ ಎರಡು ಮೂರು ವಾರ ನಡೆಯಬಹುದು. ನಾಲ್ಕು ದಿನಕ್ಕೆ ಚೇತರಿಸಿಕೊಂಡಂತೆ ಕಂಡಿತೆಂದು ನಡುವೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ.

ವೈದ್ಯರಲ್ಲಿಗೆ ಒಯ್ಯುವಾಗ

ಹಳ್ಳಿಯ ಪಶುಚಿಕಿತ್ಸಾಲಯಕ್ಕೆ ಗಿನಿಪಿಗ್ ಬರುವುದು ಅಪರೂಪ. ಆದರೂ ಹತ್ತಿರದ ವೈದ್ಯರಿಗೆ ಮೊದಲು ತೋರಿಸಬೇಕು. ಅವರು ಸೂಚಿಸಿದಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿರುವ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೆ ಒಯ್ಯಬಹುದು.

ಗಾಳಿಯಾಡುವ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಹಿಡಿ ಹುಲ್ಲು ಹಾಕಿ, ಬಿಸಿಲು ಮತ್ತು ಎದುರುಗಾಳಿ ತಾಗದಂತೆ ಒಯ್ಯಬೇಕು. ತೂಕ ಎಷ್ಟಿತ್ತು, ಈಗ ಎಷ್ಟಿದೆ, ಕೊನೆಯ ಬಾರಿ ಮೇವು ತಿಂದದ್ದು ಯಾವಾಗ, ಹಿಕ್ಕೆ ಹೇಗಿದೆ, ಇದುವರೆಗೆ ಏನಾದರೂ ಔಷಧಿ ಕೊಟ್ಟಿದ್ದರೆ ಯಾವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ಪಕ್ಕದಲ್ಲಿ ಮೊಲವೋ ನಾಯಿಯೋ ಇದ್ದರೆ ಅದನ್ನೂ ತಿಳಿಸಬೇಕು. ಯಾವುದೇ ಪ್ರತಿಜೈವಿಕ ಔಷಧಿ ಬರೆದುಕೊಟ್ಟಾಗ, ಇದು ಗಿನಿಪಿಗ್‌ಗೆ ಒಗ್ಗುವುದೇ ಎಂದು ಕೇಳಿ ತಿಳಿಯಲು ಸಂಕೋಚಪಡಬಾರದು.

ಮನೆಯಲ್ಲಿ ಆರೈಕೆ

ರೋಗಿಯನ್ನು ಉಳಿದವುಗಳಿಂದ ಬೇರ್ಪಡಿಸಿ, ಮೌನವಾದ, ಬೆಚ್ಚಗಿನ, ಗಾಳಿಯಾಡುವ ಕೋಣೆಯಲ್ಲಿಡಬೇಕು. ಬೆಚ್ಚಗಿಡುವುದೆಂದರೆ ಕಿಟಕಿ ಬಾಗಿಲು ಮುಚ್ಚಿ ಉಸಿರುಗಟ್ಟಿಸುವುದಲ್ಲ. ಚಳಿಯಿದ್ದಲ್ಲಿ ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಗೂಡಿನ ಒಂದು ಬದಿಗೆ ಇಡಬೇಕು; ಸೆಕೆಯೆನಿಸಿದರೆ ಪ್ರಾಣಿಯು ಇನ್ನೊಂದು ಬದಿಗೆ ಸರಿಯಲು ಜಾಗವಿರಬೇಕು. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಮೂಗಿನ ಹೆಕ್ಕಳೆಯನ್ನು ಮೆದುವಾಗಿ ಒರೆಸಿ ದಾರಿ ಬಿಡಿಸಬೇಕು. ಬಿಸಿ ಹಬೆ ಹಿಡಿಯುವುದು ಬೇಡ. ಸುಟ್ಟ ಗಾಯವಾಗುವ ಸಂಭವವಿದೆ.

ಔಷಧಿಯಷ್ಟೇ ಮುಖ್ಯವಾದುದು ಮೇವು. ಪ್ರಾಣಿಗೆ ಇಷ್ಟವಾದ ಎಳೆ ಗರಿಕೆ, ಕೊತ್ತಂಬರಿ ಸೊಪ್ಪುಗಳನ್ನು ಬಾಯಿಯ ಬಳಿಯಿಟ್ಟು ನೋಡಬೇಕು. ತಾನಾಗಿ ತಿನ್ನದಿದ್ದರೆ ವೈದ್ಯರ ಸಲಹೆ ಪಡೆದು ಕೈಯಿಂದ ಉಣಿಸಬೇಕಾಗುತ್ತದೆ. ಗಿನಿಪಿಗ್‌ನ ಗುಳಿಗೆ ಆಹಾರವನ್ನು ಪುಡಿಮಾಡಿ, ಬಿಸಿಯಾರಿದ ನೀರಿನಲ್ಲಿ ನೆನೆಸಿ ತೆಳುವಾದ ಅಂಬಲಿಯಂತೆ ಮಾಡಿಕೊಳ್ಳಬೇಕು. ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ, ಬಾಯಿಯ ಪಕ್ಕದಿಂದ, ಮುಂದಿನ ಹಲ್ಲುಗಳ ಹಿಂದೆ, ಒಂದು ಸಲಕ್ಕೆ ಅರ್ಧ ಮಿಲಿಲೀಟರಿನಂತೆ ಹಾಕಿ, ಅದು ಅಗಿದು ನುಂಗಿದ ಮೇಲೆಯೇ ಮುಂದಿನದನ್ನು ಹಾಕಬೇಕು. ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿಲೀಟರಿನಷ್ಟನ್ನು ನಾಲ್ಕರಿಂದ ಆರು ಬಾರಿಗೆ ಹಂಚಿಕೊಡುವುದು ವಾಡಿಕೆ. ಪ್ರಾಣಿಯನ್ನು ಅಂಗಾತ ಮಲಗಿಸಿ ಕುಡಿಸಕೂಡದು. ಬಾಯಿ ತೆರೆದು ಏದುತ್ತಿರುವ ಪ್ರಾಣಿಗೆ ಬಲವಂತವಾಗಿ ಉಣಿಸಿದರೆ ಆಹಾರ ಶ್ವಾಸನಾಳಕ್ಕೆ ಇಳಿಯುತ್ತದೆ. ಅಂತಹದನ್ನು ಮೊದಲು ವೈದ್ಯರಿಗೆ ತೋರಿಸಬೇಕು.

ರೋಗಿಯನ್ನು ಕೊನೆಯಲ್ಲಿ ನೋಡಿಕೊಂಡು ಕೈ ತೊಳೆಯಬೇಕು. ಮೊದಲು ರೋಗಿಯನ್ನು ಮುಟ್ಟಿ ಆಮೇಲೆ ಆರೋಗ್ಯವಂತ ಪ್ರಾಣಿಗಳಿಗೆ ಮೇವು ಹಾಕಿದರೆ ಬೇರ್ಪಡಿಸಿದ ಪ್ರಯೋಜನವೇ ಇಲ್ಲ.

ಮೇವು ಮತ್ತು ಹಾಸು

ರೋಗ ತಡೆಯುವ ಕೆಲಸದಲ್ಲಿ ರೈತನಿಗೆ ಪೇಟೆಯವನಿಗಿಲ್ಲದ ಅನುಕೂಲವಿದೆ. ಒಳ್ಳೆಯ ಮೇವನ್ನು ಆತ ತಾನೇ ಬೆಳೆದುಕೊಳ್ಳಬಲ್ಲ. ಗಿನಿಪಿಗ್‌ನ ಮುಖ್ಯ ಆಹಾರ ಒಣಹುಲ್ಲು. ರೋಡ್ಸ್ ಹುಲ್ಲು, ಗಿನಿ ಹುಲ್ಲು, ಗರಿಕೆಗಳನ್ನು ಹೂ ಬಿಡುವ ಮೊದಲು ಕೊಯ್ದು, ತೆಳುವಾಗಿ ಹರಡಿ, ಮಗುಚಿಹಾಕುತ್ತಾ ಹಸಿರು ಬಣ್ಣ ಉಳಿಯುವಂತೆ ಒಣಗಿಸಬೇಕು. ತೇವಾಂಶ ಶೇಕಡ 15ಕ್ಕಿಂತ ಕಡಿಮೆಯಾದ ಮೇಲೆಯೇ ಕೂಡಿಡಬೇಕು. ಹಸಿಯಾಗಿ ಕೂಡಿಟ್ಟ ಹುಲ್ಲಿನಲ್ಲಿ ಬೂಷ್ಟು ಬೆಳೆದು, ಕೊಡವಿದಾಗ ಬೂದುಬಣ್ಣದ ಧೂಳೇಳುತ್ತದೆ. ಆ ಧೂಳೇ ಉಸಿರಾಟದ ರೋಗಕ್ಕೆ ನಾಂದಿ. ಇಂತಹ ಹುಲ್ಲನ್ನು ಮೇವಿಗೂ ಹಾಸಿಗೂ ಬಳಸಬಾರದು.

ಭತ್ತದ ಹುಲ್ಲೊಂದನ್ನೇ ಮೇವಾಗಿ ಹಾಕಿದರೆ ಪೋಷಣೆ ಸಾಲದು. ಕುದುರೆಮಸಾಲೆಯಲ್ಲಿ ಸುಣ್ಣದಂಶ ಹೆಚ್ಚು. ಅದು ಮರಿಗಳಿಗೆ ಮತ್ತು ಗಬ್ಬದ ಹೆಣ್ಣುಗಳಿಗೆ ಒಳ್ಳೆಯದು. ಬೆಳೆದವುಗಳಿಗೆ ದಿನವೂ ಹಾಕಿದರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟಬಹುದು. ಕೀಟನಾಶಕ ಹೊಡೆದ ಹೊಲದ ಸೊಪ್ಪು, ಹುಲ್ಲುಗಳನ್ನು ಹಾಕಲೇಬಾರದು.

ಸಿ ಜೀವಸತ್ವವು ಬೆಳೆದ ಪ್ರಾಣಿಗೆ ದಿನಕ್ಕೆ 10ರಿಂದ 20 ಮಿಲಿಗ್ರಾಂ, ಗಬ್ಬದಲ್ಲಿರುವುದಕ್ಕೆ ಸುಮಾರು 30 ಮಿಲಿಗ್ರಾಂ ಬೇಕು. ರೋಗ ಬಂದಾಗ ಇನ್ನೂ ಹೆಚ್ಚು ಬೇಕಾಗುತ್ತದೆ. ಅದನ್ನು ವೈದ್ಯರು ನಿರ್ಧರಿಸುತ್ತಾರೆ. 100 ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವವಿದೆ. ಎಂದರೆ 10 ಗ್ರಾಂನ ಒಂದು ಚಿಕ್ಕ ಹೋಳು ಒಂದು ಪ್ರಾಣಿಯ ಒಂದು ದಿನದ ಅಗತ್ಯವನ್ನು ಪೂರೈಸುತ್ತದೆ. ದೊಣ್ಣೆ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಸ್ವಲ್ಪ ನುಗ್ಗೆ ಸೊಪ್ಪು ಸಹ ಒಳ್ಳೆಯವು. ಎಲ್ಲರೂ ಹಾಕುವ ಸೌತೆಕಾಯಿ ಮತ್ತು ಗಜ್ಜರಿಗಳಲ್ಲಿ ಈ ಜೀವಸತ್ವ ಅತ್ಯಲ್ಪ. ಕುಡಿಯುವ ನೀರಿನಲ್ಲಿ ಕರಗಿಸಿಟ್ಟ ಸಿ ಜೀವಸತ್ವ ಒಂದು ದಿನದೊಳಗೆ ಬಹುಪಾಲು ನಾಶವಾಗುತ್ತದೆ. ಅಂಗಡಿಯ ಗುಳಿಗೆ ಆಹಾರದಲ್ಲಿಯೂ ತಯಾರಾದ ಮೂರು ತಿಂಗಳೊಳಗೆ ಅರ್ಧದಷ್ಟು ಕಳೆದುಹೋಗುತ್ತದೆ. ಮೊಲದ ಆಹಾರದಲ್ಲಿ ಅದನ್ನು ಸೇರಿಸಿರುವುದೇ ಇಲ್ಲ. ಹಸಿರು ಸೊಪ್ಪಿಗೆ ಸಮನಾದುದು ಬೇರೊಂದಿಲ್ಲ.

ಹಾಸಿಗೆ ನುಣ್ಣನೆಯ ಮರದ ಹೊಟ್ಟು, ಧೂಳಿರುವ ಭತ್ತದ ಹೊಟ್ಟು ಬೇಡ. ಹಳೆಯ ಹತ್ತಿ ಬಟ್ಟೆ, ಚೂರುಮಾಡಿದ ಕಾಗದ, ಕೊಡವಿ ಧೂಳು ತೆಗೆದ ಶುದ್ಧ ಹುಲ್ಲು ಸೂಕ್ತ.

ಮುಂಜಾಗ್ರತಾ ಕ್ರಮಗಳು

1. ಒದ್ದೆಯಾದ ಹಾಸನ್ನು ದಿನವೂ ತೆಗೆದುಹಾಕಿ, ವಾರಕ್ಕೊಮ್ಮೆಯಾದರೂ ಗೂಡನ್ನು ತೊಳೆದು ಒಣಗಿಸಬೇಕು.
2. ಗೂಡನ್ನು ಅಡಿಗೆಯ ಹೊಗೆ, ಊದುಬತ್ತಿ, ಸೊಳ್ಳೆಬತ್ತಿಗಳಿಂದ ದೂರವಿಡಬೇಕು.
3. 18ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇವುಗಳಿಗೆ ಹಿತ; 30 ಡಿಗ್ರಿ ದಾಟಿದರೆ ಅಪಾಯ. ರಾಯಚೂರು, ಕಲಬುರಗಿ ಕಡೆಯ ಬೇಸಗೆಯಲ್ಲಿ ನೆರಳಿನ ತಂಪು ಕೋಣೆಯೇ ಬೇಕು. ಮಲೆನಾಡಿನ ಮಳೆಗಾಲದಲ್ಲಿ ತೇವ ತಟ್ಟದಂತೆ ಗೂಡನ್ನು ನೆಲದಿಂದ ಎತ್ತರಿಸಬೇಕು.
4. ಹೊಸದಾಗಿ ತಂದ ಪ್ರಾಣಿಯನ್ನು ಎರಡು ಮೂರು ವಾರ ಬೇರೆಯಾಗಿಟ್ಟು ನೋಡಿದ ಮೇಲೆಯೇ ಉಳಿದವುಗಳೊಡನೆ ಸೇರಿಸಬೇಕು.
5. ಮೊಲ, ನಾಯಿಗಳ ಸಂಪರ್ಕ ತಪ್ಪಿಸಬೇಕು.
6. ಮುಟ್ಟುವ ಮೊದಲೂ ನಂತರವೂ ಕೈ ತೊಳೆಯುವುದನ್ನು ಮಕ್ಕಳಿಗೆ ರೂಢಿ ಮಾಡಿಸಬೇಕು.
7. ವಾರಕ್ಕೊಮ್ಮೆ ತೂಗಿ ಬರೆದಿಡಬೇಕು.

ತೂಗಿ ಬರೆಯುವ ಕೆಲಸವನ್ನು ಪ್ರಾಣಿಯನ್ನು ಬೇಡಿ ತರಿಸಿಕೊಂಡ ಮಕ್ಕಳಿಗೇ ಒಪ್ಪಿಸಬಹುದು. ರೋಗ ಬಂದ ಮೇಲೆ ಗುಣಪಡಿಸುವುದು ಕಷ್ಟ. ಬಾರದಂತೆ ತಡೆಯಲು ಬೇಕಾದುದು ಒಣಗಿದ ಹಾಸು, ಶುದ್ಧ ಗಾಳಿ, ಬೂಷ್ಟಿಲ್ಲದ ಹುಲ್ಲು, ದಿನಕ್ಕೊಂದು ಹಿಡಿ ಹಸಿರು ಸೊಪ್ಪು. ಇಷ್ಟಾದರೂ ರೋಗ ಬಂದಲ್ಲಿ ಮನೆಯ ಔಷಧಿ ಪೆಟ್ಟಿಗೆಯನ್ನು ತೆರೆಯದೆ ಪಶುವೈದ್ಯರ ಬಳಿಗೆ ಹೋಗಬೇಕು.